ಆಕಾಶದ ಪಾಲು, ಆಳುವವರ ಪಾಲು

ಮಿರಗಾ ಮಳೆ ಬೀಳುವ ಮುನ್ನವೇ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಒಕ್ಕಲು ಮನೆಗಳಲ್ಲಿ ವರ್ಷದ ದೊಡ್ಡ ತೀರ್ಮಾನಗಳೆಲ್ಲ ಆಗಿಹೋಗಿರುತ್ತವೆ. ತೊಗರಿ ಎಷ್ಟು ಎಕರೆ, ಹೆಸರು-ಉದ್ದು ಎಷ್ಟು, ಹಿಂಗಾರಿ ಜೋಳಕ್ಕೆಂದು ಎಷ್ಟು ಹೊಲ ಖಾಲಿ ಬಿಡುವುದು, ಬೀಜ-ಗೊಬ್ಬರಕ್ಕೆ ಅಡತಿ ಅಂಗಡಿಯಲ್ಲಿ ಎಷ್ಟು ಉದ್ರಿ ತರುವುದು, ಕೊಚ್ಚಿಹೋದ ಒಡ್ಡನ್ನು ಈ ವರ್ಷವಾದರೂ ಕಟ್ಟಿಸುವುದೋ ಇನ್ನೊಂದು ಬೋರ್ ಹೊಡೆಸಿ ನೋಡುವುದೋ, ಮದುವೆಯನ್ನು ರಾಶಿ ಮುಗಿದ ಮೇಲೆ ಇಟ್ಟುಕೊಳ್ಳೋಣವೆಂದು ಬೀಗರಿಗೆ ಮಾತು ಕೊಡುವುದೋ ಬೇಡವೋ. ಇವೆಲ್ಲ ಹೂಡಿಕೆಗಳೇ. ಷೇರುಪೇಟೆಯಲ್ಲಿ ಹಣ ಹಾಕುವವನು ಬೆಳಗ್ಗೆ ಮಾಡಿದ ತಪ್ಪನ್ನು ಮಧ್ಯಾಹ್ನ ಮಾರಿ ತಿದ್ದಿಕೊಳ್ಳಬಹುದು. ಎರೆಭೂಮಿಯಲ್ಲಿ ಕೂರಿಗೆ ಹೂಡಿದವನಿಗೆ ಆ ಅವಕಾಶ ಇಲ್ಲ. ತೊಗರಿ ನೆಲದಲ್ಲಿ ಐದಾರು ತಿಂಗಳು ನಿಲ್ಲುತ್ತದೆ. ಅಷ್ಟೂ ಕಾಲ ಹಾಕಿದ ಹಣ, ಮೈ ದಣಿದದ್ದು, ಕೊಟ್ಟ ಮಾತು ಎಲ್ಲವೂ ಅದರ ಜೊತೆ ಹೊಲದಲ್ಲೇ ನಿಂತಿರುತ್ತವೆ.

ಮುಂದೇನಾಗುತ್ತದೋ ತಿಳಿಯದಿರುವುದರಲ್ಲೂ ಎರಡು ಬಗೆ ಉಂಟೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಬರೆದರು. ಹತ್ತು ವರ್ಷದಲ್ಲಿ ಎಷ್ಟು ಸಲ ಕೈಕೊಡುತ್ತದೆಂದು ಎಣಿಸಬಹುದಾದ ಅಪಾಯ ಒಂದು, ಎಣಿಕೆಗೇ ಸಿಗದ ಅನಿಶ್ಚಯ ಇನ್ನೊಂದು. ರೋಹಿಣಿ, ಮಿರಗಾ, ಆರಿದ್ರಾ ಎಂದು ಹಿರಿಯರು ಇಟ್ಟುಕೊಂಡಿದ್ದ ಮಳೆಯ ಲೆಕ್ಕ ಮೊದಲನೆಯ ಬಗೆಯದು. ತಪ್ಪುತ್ತಿತ್ತು, ಆದರೆ ಎಷ್ಟು ತಪ್ಪುತ್ತದೆಂಬ ಅಂದಾಜು ಅದರೊಳಗೇ ಇತ್ತು. ಹವಾಮಾನ ಕೆಡುತ್ತ ಬಂದಂತೆ ಮೊದಲನೆಯದು ಎರಡನೆಯದಾಗಿ ಮಾರ್ಪಡುತ್ತಿದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆ ಹಳ್ಳಿಗಳಿಗೆ ನುಗ್ಗಿದಳು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಭೀಮೆಯ ಪ್ರವಾಹ. ಐದು ವರ್ಷದಲ್ಲಿ ಹೀಗೆ ಎರಡೂ ತುದಿಗಳನ್ನು ಕಂಡ ಮನುಷ್ಯನಿಗೆ ಜಿಲ್ಲೆಯ ಸರಾಸರಿ ಮಳೆ ಇಷ್ಟು ಮಿಲಿಮೀಟರ್ ಎಂದು ಹೇಳಿದರೆ ಅವನು ಅದನ್ನು ಇಟ್ಟುಕೊಂಡು ಮಾಡುವುದಾದರೂ ಏನು?

ಈ ಮನುಷ್ಯನ ಬಗ್ಗೆ ಸಭೆಗಳಲ್ಲಿ, ವರದಿಗಳಲ್ಲಿ ಪದೇ ಪದೇ ಬರುವ ದೂರೊಂದಿದೆ. ರೈತ ಹೊಸದನ್ನು ಒಪ್ಪುವುದಿಲ್ಲ. ಕೃಷಿ ಹೊಂಡಕ್ಕೆ ಸಹಾಯಧನ ಕೊಟ್ಟರೂ ಹಿಂಜರಿಯುತ್ತಾನೆ, ಬದು ಹಾಕು ಎಂದರೆ ‘ನೋಡಮ್ರಿ’ ಎನ್ನುತ್ತಾನೆ, ತೊಗರಿಯ ಮೇಲೆ ತೊಗರಿ ಬಿತ್ತಬೇಡ ಎಂದರೂ ಬಿತ್ತುತ್ತಾನೆ. ಮನಸ್ಥಿತಿ ಬದಲಾಗಬೇಕು ಎಂದು ಸಭೆ ಮುಗಿಯುತ್ತದೆ. ಮನುಷ್ಯ ಯಾವಾಗಲೂ ಲೆಕ್ಕಾಚಾರದ ಪ್ರಾಣಿಯಲ್ಲ, ಅವನಿಗೆ ಭಯ, ರೂಢಿ, ಆತುರಗಳಿವೆ ಎಂದು ಹೇಳುವ ವರ್ತನೆಯ ಅರ್ಥಶಾಸ್ತ್ರ ಬಂದ ಮೇಲೆ ಈ ದೂರಿಗೆ ಶಾಸ್ತ್ರದ ಮುದ್ರೆಯೂ ಸಿಕ್ಕಂತಾಗಿದೆ. ಆದರೆ ಆ ಶಾಸ್ತ್ರದ ಬಹು ಮುಖ್ಯವಾದ ಪ್ರಯೋಗವೊಂದು ನಡೆದದ್ದು ಇದೇ ಮಣ್ಣಿನಲ್ಲಿ, ಮತ್ತು ಅದು ಹೇಳಿದ್ದು ಇದಕ್ಕೆ ತದ್ವಿರುದ್ಧ.

ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ 1975ರಲ್ಲಿ ಒಣಬೇಸಾಯದ ಆರು ಹಳ್ಳಿಗಳನ್ನು ಆರಿಸಿಕೊಂಡು ಅಲ್ಲಿನ ಮನೆಗಳ ಆದಾಯ-ಖರ್ಚನ್ನು ವರ್ಷಗಟ್ಟಲೆ ಬರೆದಿಟ್ಟಿತು. ಎರಡು ಹಳ್ಳಿ ಮೆಹಬೂಬ್‌ನಗರದವು, ಎರಡು ಅಕೋಲಾದವು, ಇನ್ನೆರಡು, ಶಿರಾಪುರ ಮತ್ತು ಕಲ್ಮಣ, ಸೋಲಾಪುರ ಜಿಲ್ಲೆಯವು. ಆಳಂದ, ಅಫಜಲಪುರಗಳ ಗಡಿ ದಾಟಿದರೆ ಸಿಗುವುದೇ ಆ ಜಿಲ್ಲೆ. ಅದೇ ಎರೆ, ಅದೇ ಭೀಮೆಯ ಜಲಾನಯನ. ಅಲ್ಲಿ ಹಾನ್ಸ್ ಬಿನ್ಸ್‌ವಾಂಗರ್ ಎಂಬ ಅರ್ಥಶಾಸ್ತ್ರಜ್ಞ ಜನರ ಮುಂದೆ ನಾಣ್ಯ ಚಿಮ್ಮುವ ಆಟವೊಂದನ್ನು ಇಟ್ಟರು. ನಿಜವಾದ ಹಣ. ಒಂದು ಆಯ್ಕೆಯಲ್ಲಿ ನಾಣ್ಯ ಹೇಗೆ ಬಿದ್ದರೂ 50 ಪೈಸೆ ಖಾತ್ರಿ. ಇನ್ನೊಂದು ತುದಿಯ ಆಯ್ಕೆಯಲ್ಲಿ 2 ರೂಪಾಯಿ, ಇಲ್ಲವೇ ಸೊನ್ನೆ. ನಡುವೆ ಬೇರೆ ಬೇರೆ ಮಟ್ಟಗಳು. ಆಮೇಲೆ ಇದೇ ಆಟದ ಮೊತ್ತವನ್ನು ಹತ್ತು ಪಟ್ಟು, ನೂರು ಪಟ್ಟು ಏರಿಸಿದರು, ಕೂಲಿಯವನ ಒಂದು ತಿಂಗಳ ದುಡಿಮೆಯನ್ನು ಮೀರುವಷ್ಟು.

1980ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವನ್ನು ನಮ್ಮ ಯೋಜನಾ ಕಚೇರಿಗಳು ಇಂದಿಗೂ ಸರಿಯಾಗಿ ಓದಿಕೊಂಡಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಚಿಲ್ಲರೆ ಕಾಸಿನ ಆಟದಲ್ಲಿ ಒಬ್ಬೊಬ್ಬರದು ಒಂದೊಂದು ಬಗೆ. ಮೊತ್ತ ದೊಡ್ಡದಾದಂತೆ ಹೆಚ್ಚು ಕಡಿಮೆ ಎಲ್ಲರೂ ನಡುವಿನ, ಎಚ್ಚರಿಕೆಯ ಆಯ್ಕೆಗೆ ಬಂದು ನಿಂತರು. ಬಡವ ಹೆಚ್ಚು ಅಂಜುಬುರುಕ, ಇದ್ದವನು ಹೆಚ್ಚು ಧೈರ್ಯಸ್ಥ ಎಂಬ ಭೇದ ಬಹುಮಟ್ಟಿಗೆ ಕಾಣಲಿಲ್ಲ. ಎದೆಯೊಳಗಿನ ಅಂಜಿಕೆ ಎಲ್ಲರದೂ ಒಂದೇ. ಹಾಗಿದ್ದರೆ ಒಬ್ಬ ಹೊಸ ತಳಿ ಬಿತ್ತಿ, ಹನಿ ನೀರಾವರಿ ಹಾಕಿ, ಹೊಂಡ ತೋಡಿಸುವಾಗ ಇನ್ನೊಬ್ಬ ಏಕೆ ಸುಮ್ಮನಿರುತ್ತಾನೆ? ಅವರ ಸುತ್ತಲಿನ ಕಟ್ಟುಪಾಡುಗಳು ಬೇರೆ, ಸಾಲ ಸಿಗುವ ದಾರಿ ಬೇರೆ, ಮಾರುಕಟ್ಟೆ ಬೇರೆ, ಸರ್ಕಾರದ ಬಾಗಿಲು ತೆರೆಯುವ ರೀತಿ ಬೇರೆ. ಬಿನ್ಸ್‌ವಾಂಗರ್ ತಲುಪಿದ ತೀರ್ಮಾನ ಇದು.

1993ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮಾರ್ಕ್ ರೋಸೆನ್‌ಜ್ವೈಗ್ ಜೊತೆ ಅವರು ಅದೇ ಹಳ್ಳಿಗಳ ಲೆಕ್ಕಗಳನ್ನು ಮತ್ತೆ ಕೈಗೆತ್ತಿಕೊಂಡರು. ಮುಂಗಾರು ಯಾವಾಗ ಬರುತ್ತದೆಂಬ ಏರುಪೇರು ಸಂಖ್ಯಾಶಾಸ್ತ್ರದ ಒಂದು ಪ್ರಮಾಣಿತ ವಿಚಲನೆಯಷ್ಟು ಹೆಚ್ಚಿದರೆ ನಡುಮಟ್ಟದ ಮನೆಯ ಲಾಭ ಶೇ 15ರಷ್ಟು ಇಳಿಯುತ್ತದೆ, ಕಡೆಯ ಕಾಲುಪಾಲು ಬಡವರ ಲಾಭ ಶೇ 35ರಷ್ಟು. ಎಲ್ಲರಿಗಿಂತ ಸಿರಿವಂತರಿಗೆ ಹೆಚ್ಚೇನೂ ಆಗುವುದಿಲ್ಲ. ಇಲ್ಲಿ ನಿಂತು ಯೋಚಿಸಬೇಕಾದದ್ದಿದೆ. ಈ ಇಳಿಕೆ ಮಳೆ ಕೈಕೊಟ್ಟದ್ದರಿಂದ ಆದದ್ದಲ್ಲ. ಕೈಕೊಡಬಹುದೆಂದು ಮೊದಲೇ ತಗ್ಗಿ ನಡೆದದ್ದರಿಂದ ಆದದ್ದು. ಲಾಭ ಕಡಿಮೆಯಾದರೂ ಮೋಸವಿಲ್ಲದ್ದನ್ನೇ ಹಿಡಿದು, ನೆಲಕ್ಕೆ ಹಾಕಬೇಕಾದದ್ದನ್ನು ಹಾಕದೆ ಉಳಿದದ್ದರಿಂದ. ಅಂದರೆ ಬಡವ ಬರಗಾಲದ ಬೆಲೆಯನ್ನು ಬರವಿಲ್ಲದ ವರ್ಷದಲ್ಲೂ ತೆರುತ್ತಾನೆ. ಮಳೆ ಚೆನ್ನಾಗಿ ಆದ ವರ್ಷವೂ ಅವನ ಮನೆಗೆ ಪೂರ್ತಿ ಬರುವುದಿಲ್ಲ. ಉಳ್ಳವನ ಧೈರ್ಯವನ್ನು ನಾವು ಗುಣವೆಂದು ಹೊಗಳಿ, ಇಲ್ಲದವನ ಎಚ್ಚರವನ್ನು ದೋಷವೆಂದು ತೆಗಳುವಾಗ ಹಗೇವಿನಲ್ಲಿರುವ ಜೋಳಕ್ಕೆ ಸಲ್ಲಬೇಕಾದ ಹೊಗಳಿಕೆಯನ್ನು ಮನುಷ್ಯನಿಗೆ ಕೊಡುತ್ತಿರುತ್ತೇವೆ.

ಅದೇ ಎಚ್ಚರದ ಮನುಷ್ಯ ಬೋರ್‌ವೆಲ್ ವಿಷಯದಲ್ಲಿ ಮಾತ್ರ ಏಕೆ ಎಚ್ಚರ ತಪ್ಪುತ್ತಾನೆ? ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜಾಗ ತೋರಿಸುವವರನ್ನು ಕರೆಸಿ, ಬಡ್ಡಿಗೆ ಹಣ ತಂದು, ಒಂದು ಫೇಲಾದರೆ ಎರಡನೆಯದು, ಅದೂ ಫೇಲಾದರೆ ಹೊಲದ ಆ ಮೂಲೆಯಲ್ಲಿ ಮೂರನೆಯದು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್, ಏಮೋಸ್ ಟ್ವರ್‌ಸ್ಕಿ 1979ರಲ್ಲಿ ತೋರಿಸಿದ್ದು ಇದನ್ನೇ. ಗಳಿಕೆಯ ಎದುರು ನಿಂತಾಗ ಖಾತ್ರಿಯಾದದ್ದನ್ನು ಹಿಡಿಯುವ ಮನುಷ್ಯ, ಆಗಿಹೋದ ನಷ್ಟದೊಳಗೆ ನಿಂತಾಗ ಅದನ್ನು ಒಂದೇ ಏಟಿಗೆ ಅಳಿಸಿಹಾಕುವ ದುಡುಕಿಗೆ ಒಲಿಯುತ್ತಾನೆ. ಮೊದಲ ಬೋರ್‌ಗೆ ಹಾಕಿದ ಸಾಲ ಎದೆಯ ಮೇಲಿರುವಾಗ ಎರಡನೆಯದನ್ನು ಹೊಡೆಸದಿರುವುದೆಂದರೆ ಸೋತೆ ಎಂದು ಒಪ್ಪಿದಂತೆ. ಅಂತರ್ಜಲದ ಸಂಕಟವನ್ನು ರೈತನ ದುರಾಸೆಯ ಕಥೆಯಾಗಿ ಹೇಳುವವರು ಈ ನೋವನ್ನು ಕಂಡಿಲ್ಲ. ಅದು ದುರಾಸೆಯಲ್ಲ, ಸಾಲದ ಒತ್ತಡ. ಮೊದಲ ಬೋರ್ ಬತ್ತಿದ ದಿನ ಅವನ ನಷ್ಟದ ಒಂದು ಪಾಲನ್ನು ಹೊರುವವರು ಇದ್ದಿದ್ದರೆ ಎರಡನೆಯ ಬೋರ್‌ನ ಲಾರಿ ಹೊಲಕ್ಕೆ ಬರುತ್ತಿರಲಿಲ್ಲ, ನೆಲದೊಳಗಿನ ನೀರೂ ಅಷ್ಟು ಉಳಿಯುತ್ತಿತ್ತು.

ಅನಿಶ್ಚಯ ಪರಿಸರವನ್ನು ಹೇಗೆ ತಿದ್ದಿ ಬರೆಯುತ್ತದೆಂದು ನೋಡಬೇಕಾದರೆ ಅಫಜಲಪುರದ ಭೀಮಾ ದಂಡೆಗೆ ಹೋಗಬೇಕು. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿ 1970ರ ದಶಕದಲ್ಲಿ ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕಕ್ಕೆ ಇಟ್ಟದ್ದು 15 ಟಿಎಂಸಿ. ಮೇಲೆ ಮಹಾರಾಷ್ಟ್ರದಲ್ಲಿ ಸುಮಾರು 117 ಟಿಎಂಸಿ ಹಿಡಿಯುವ ಉಜನಿ ಜಲಾಶಯವಿದೆ. ಬೇಸಿಗೆಯಲ್ಲಿ ನೀರು ಬಿಡಿ ಎಂದು ಬೇಡಬೇಕು, ಅಕ್ಟೋಬರ್‌ನಲ್ಲಿ ಬಿಡಬೇಡಿ ಎಂದು ಮೊರೆಯಿಡಬೇಕು. ಇಷ್ಟು ನೆಚ್ಚಲಾಗದ ನೀರಿನ ದಂಡೆಯಲ್ಲಿ ನೀರಿಗಾಗಿ ಬಾಯ್ಬಿಡುವ ಕಬ್ಬು ನಿಂತಿದೆ. ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ, ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಇನ್ನೊಂದು. ನೀರಿಲ್ಲದ ಸೀಮೆಯಲ್ಲಿ ಕಬ್ಬೇಕೆ ಎಂದು ಪರಿಸರ ಪ್ರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ಹೊಲದಲ್ಲಿಲ್ಲ, ದಿಲ್ಲಿಯ ಕಡತಗಳಲ್ಲಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬಿಗೆ ಕಾನೂನಿನ ಬಲವಿರುವ ದರವಿದೆ, ಕಬ್ಬು ಒಪ್ಪಿಸಿದ 14 ದಿನದಲ್ಲಿ ಹಣ ಕೊಡಬೇಕೆಂಬ ನಿಯಮವಿದೆ. ಆ ನಿಯಮ ಮುರಿದು ಬಾಕಿ ಉಳಿದಾಗ ರೈತರು ರಸ್ತೆಗೆ ಇಳಿದದ್ದೂ ನಿಜ. ಆದರೂ ಬೀದಿಗಿಳಿದು ಕೇಳಲು ಕೈಯಲ್ಲೊಂದು ಕಾನೂನು ಇದೆ.

ತೊಗರಿಗೆ ಏನಿದೆ? ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುವ, ಆಳಕ್ಕೆ ಬೇರಿಳಿಸಿ ಎರೆಯ ತಳದ ತೇವ ಹುಡುಕುವ, ಕಾಲುವೆ ನೀರಿಲ್ಲದೆ ಬದುಕುವ ಈ ಬೆಳೆ ಕಲಬುರಗಿಯ ಹೆಸರಿನ ಜೊತೆಗೇ ಹೋಗುತ್ತದೆ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬೆಂಬಲ ಬೆಲೆ ವರ್ಷವರ್ಷ ಘೋಷಣೆಯಾಗುತ್ತದೆ: 2023-24ಕ್ಕೆ ಕ್ವಿಂಟಲ್‌ಗೆ 7,000 ರೂಪಾಯಿ, 2024-25ಕ್ಕೆ 7,550, 2025-26ಕ್ಕೆ 8,000. ಆದರೆ ಆ ಬೆಲೆಗೆ ಕೊಳ್ಳಲೇಬೇಕೆಂಬ ಕಟ್ಟಳೆ ಯಾರ ಮೇಲೂ ಇಲ್ಲ. 2015ರ ಅಕ್ಟೋಬರ್‌ನಲ್ಲಿ ನಗರಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮುಂದಿನ ಮುಂಗಾರಿನಲ್ಲಿ ಬೆಳೆಯಿರಿ ಎಂದು ಸರ್ಕಾರವೂ ಹೇಳಿತು, ಬೆಲೆಯೂ ಹೇಳಿತು, ಮಳೆಯೂ ಕೂಡಿಬಂತು. ಅದೇ 2016ರ ಜುಲೈನಲ್ಲಿ ಮೊಜಾಂಬಿಕ್‌ನಿಂದ ಬೇಳೆಕಾಳು ತರಿಸುವ ಒಪ್ಪಂದವೂ ಆಯಿತು. ರಾಶಿಯ ಹೊತ್ತಿಗೆ ಪೇಟೆಯ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಕುಸಿದಿತ್ತು. 2021ರ ಮೇ ತಿಂಗಳಿಂದ ಆಮದು ಮುಕ್ತ. ಆ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಬರಲಾಗಿದೆ. ಬಿತ್ತುವ ದಿನ ರೈತನಿಗೆ ಮಳೆಯೊಂದೇ ಗೊತ್ತಿಲ್ಲದ ಸಂಗತಿಯಲ್ಲ, ತಾನು ರಾಶಿ ಮಾಡುವ ವಾರದಲ್ಲಿ ಬಂದರಿನಲ್ಲಿ ಎಷ್ಟು ಹಡಗು ನಿಂತಿರುತ್ತವೆ ಎಂಬುದೂ ಗೊತ್ತಿಲ್ಲ. ನೆಲಕ್ಕೆ ಹಿತವಾದ ಬೆಳೆಗೆ ಅನಿಶ್ಚಯ, ನದಿಯನ್ನು ಹೀರುವ ಬೆಳೆಗೆ ಭರವಸೆ. ಇಷ್ಟನ್ನು ನಾವೇ ಏರ್ಪಡಿಸಿ, ಜನ ಭರವಸೆಯ ಕಡೆಗೆ ಹೋದರೆಂದು ಅವರನ್ನು ಬೈಯುವುದು ಅನ್ಯಾಯ.

ಬೆಲೆ ಏರಿದಾಗ ಎಲ್ಲರೂ ತೊಗರಿಯೊಂದನ್ನೇ ಬಿತ್ತುತ್ತ ಬಂದದ್ದಕ್ಕೂ ಮಣ್ಣು ಬೆಲೆ ಕೊಟ್ಟಿತು. ಹಿಂದಿನವರ ಅಕ್ಕಡಿ ಪದ್ಧತಿಯಲ್ಲಿ ಜೋಳ-ಸಜ್ಜೆಯ ನಡುವೆ ತೊಗರಿ ಸಾಲು, ಬದಿಗೆ ಎಳ್ಳು, ಪುಂಡಿ. ಒಂದು ಹೋದರೆ ಇನ್ನೊಂದು ಅನ್ನ ಕೊಡುತ್ತಿತ್ತು. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವಂಥದ್ದು. ಜೋಳದ ಜೊತೆ ಬೆಳೆದರೆ, ಬೆಳೆ ಬದಲಿಸಿದರೆ ಅದರ ಹಾವಳಿ ತಗ್ಗುತ್ತದೆ, ತೊಗರಿಯ ಮೇಲೆ ತೊಗರಿ ಬಿದ್ದರೆ ಏರುತ್ತದೆ. 2022ರ ಕೊನೆಗೆ ಜಿಲ್ಲೆಯ ಉದ್ದಗಲಕ್ಕೂ ಕಾಯಿ ಕಟ್ಟುವ ಹೊತ್ತಿನಲ್ಲಿ ತೊಗರಿ ಒಣಗಿ ನಿಂತಿತು. ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಣೆಯಾಯಿತು. ಕೊಟ್ಟದ್ದು ಸರಿಯೇ. ಆದರೆ ರೋಗ ಬಂದ ಮೇಲೆ ಕೊಡುವ ಹಣ ಸಿಗುತ್ತದೆ, ರೋಗ ಬಾರದಂತೆ ಒಂದು ವರ್ಷ ತೊಗರಿ ಬಿಟ್ಟು ಜೋಳ ಬಿತ್ತಿದವನ ಕಡಿಮೆ ಆದಾಯಕ್ಕೆ ಆಸರೆ ಇಲ್ಲ. ಪಾಲಿಗೆ ಹೊಲ ಮಾಡುವವನ ಗತಿ ಇನ್ನೂ ಕಷ್ಟ. ಮುಂದಿನ ವರ್ಷ ಈ ಹೊಲ ತನ್ನದಾಗಿರುತ್ತದೋ ಇಲ್ಲವೋ, ಅವನು ಯಾವ ನೆಚ್ಚಿಕೆಯಿಂದ ಮಣ್ಣನ್ನು ಕಾಯಬೇಕು?

ಆಕಾಶದಿಂದ ಬರುವ ಅನಿಶ್ಚಯವನ್ನು ಯಾರೂ ತೊಡೆಯಲಾರರು. ಅದನ್ನು ಒಕ್ಕಲಿಗ ತಲೆತಲಾಂತರದಿಂದ ಹೊತ್ತಿದ್ದಾನೆ, ಹೊರಲು ಸಿದ್ಧನೂ ಇದ್ದಾನೆ. ಅದರ ಮೇಲೆ ಮನುಷ್ಯರು ಹೇರುವ ಎರಡನೆಯ ಅನಿಶ್ಚಯದ ಬಗ್ಗೆ ನನ್ನ ತಕರಾರು. 2023ರ ಸೆಪ್ಟೆಂಬರ್‌ನಲ್ಲಿ ಬರ ಘೋಷಣೆಯಾಯಿತು. ಕರ್ನಾಟಕ ಕೇಳಿದ್ದು 18,171 ಕೋಟಿ ರೂಪಾಯಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ಕೇಂದ್ರ ಬಿಡುಗಡೆ ಮಾಡಿದ್ದು 3,454 ಕೋಟಿ. ಎಷ್ಟು ಕೊಡಬೇಕಿತ್ತೆಂಬುದು ಸರ್ಕಾರಗಳ ನಡುವಿನ ವಾದ. ಆದರೆ ಆ ಏಳೆಂಟು ತಿಂಗಳು, ಹಿಂಗಾರಿ ಬಿತ್ತನೆಯಿಂದ ನಡುಬೇಸಿಗೆಯವರೆಗೆ, ಒಣಗಿದ ಹೊಲದವನು ಏನು ನಂಬಿ ಕೂರಬೇಕಿತ್ತು? ಇಲ್ಲಿ ಮೋಡದ ತಪ್ಪೇನಿಲ್ಲ.

ವಿಮೆಯದೂ ಇದೇ ಮಾತು. ಬೆಳೆ ವಿಮೆಯ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಇದೆ. ಮುಂಗಾರಿ ಬೆಳೆಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5. ದುಬಾರಿಯಲ್ಲ. ಪರಿಹಾರ ಮಾತ್ರ ಮುಖ್ಯವಾಗಿ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ. ಬೆಳೆ ಕಟಾವು ಪ್ರಯೋಗದ ತುಂಡು ಹೊಲಗಳಲ್ಲಿ ಬೆಳೆ ಚೆನ್ನಾಗಿದ್ದರೆ, ನನ್ನ ಹೊಲ ಸುಟ್ಟುಹೋಗಿದ್ದರೂ ಖಾತೆಗೆ ಬರುವುದು ಸೊನ್ನೆ. ಪಕ್ಕದ ಪಂಚಾಯಿತಿಗೆ ಬಂತು, ನಮಗೇಕಿಲ್ಲ ಎಂಬ ಪ್ರಶ್ನೆಗೆ ಯಾರೂ ಕೂತು ಉತ್ತರ ಹೇಳುವುದಿಲ್ಲ. ವಿಮೆಯ ಬಲ ಎಂಥದೆಂದು ಘಾನಾ ದೇಶದ ಉತ್ತರ ಭಾಗದಲ್ಲಿ ನಡೆದ ಅಧ್ಯಯನವೊಂದು, 2014ರಲ್ಲಿ ಪ್ರಕಟವಾದದ್ದು, ತೋರಿಸಿದೆ. ಕೈಗೆ ನಗದು ಕೊಟ್ಟಾಗ ಅಷ್ಟಾಗಿ ಹೆಚ್ಚದ ಹೂಡಿಕೆ, ಮಳೆ ವಿಮೆ ಸಿಕ್ಕಾಗ ಹೆಚ್ಚಿತು. ಹಣದ ಕೊರತೆಗಿಂತ ನಷ್ಟದ ಭಯ ಕೈ ಕಟ್ಟಿತ್ತು. ಆದರೆ ಮುಂದಿನ ವರ್ಷ ವಿಮೆ ಕೊಂಡವರು ಯಾರು? ತಮಗೋ ತಮ್ಮ ಪರಿಚಯದವರಿಗೋ ಪರಿಹಾರ ಬಂದದ್ದನ್ನು ಕಣ್ಣಾರೆ ಕಂಡವರು. ಆಂಧ್ರ, ಗುಜರಾತ್‌ಗಳ ಮಳೆ ವಿಮೆಯ ಅಧ್ಯಯನದಲ್ಲೂ ನಂಬಿಕೆಯದೇ ಪ್ರಶ್ನೆ. ಪರಿಹಾರ ತಡವಾದರೆ ಶೇ 12ರ ಬಡ್ಡಿ ಎಂದು 2018ರಲ್ಲಿ ತಿದ್ದಿದ ಮಾರ್ಗಸೂಚಿಯಲ್ಲಿ ಬರೆದಿದ್ದಾರೆ. ಕೆಟ್ಟ ನಂಬಿಕೆಯನ್ನು ಬಡ್ಡಿ ಕಟ್ಟಿ ಮರಳಿಸಲಾಗುವುದಿಲ್ಲ. ಒಂದು ಊರಿಗೆ ಒಮ್ಮೆ ತಪ್ಪಿದ ಮಾತು ಹತ್ತು ವರ್ಷದ ಹಿಂಜರಿಕೆಯಾಗಿ ಆ ಊರಿನ ಹೊಲಗಳಲ್ಲಿ ಉಳಿಯುತ್ತದೆ.

ಆಳುವವರನ್ನಷ್ಟೇ ಹೊಣೆ ಮಾಡಿ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ಅಮೆರಿಕದ ಸಂಶೋಧಕರಾದ ಆಂಡ್ರ್ಯೂ ಹೀಲಿ, ನೀಲ್ ಮಲ್ಹೋತ್ರ 2009ರಲ್ಲಿ ಅಲ್ಲಿನ ಚುನಾವಣೆಗಳ ಅಂಕಿ-ಅಂಶ ನೋಡಿ ಹೇಳಿದ್ದು ಹೀಗೆ: ವಿಕೋಪ ಬಂದ ಮೇಲೆ ಪರಿಹಾರ ಹಂಚಿದವರಿಗೆ ಮತದಾರ ಮತ ಕೊಡುತ್ತಾನೆ, ವಿಕೋಪ ತಡೆಯಲು ಮೊದಲೇ ಖರ್ಚು ಮಾಡಿದವರಿಗೆ ಕೊಡುವುದಿಲ್ಲ. ಮುಂಚಿತವಾಗಿ ಹಾಕಿದ ಒಂದು ಡಾಲರ್ ಮುಂದಿನ ಸುಮಾರು 15 ಡಾಲರ್ ಹಾನಿಯನ್ನು ತಪ್ಪಿಸುತ್ತದೆಂದೂ ಲೆಕ್ಕ ಹಾಕಿದರು. ಭೀಮೆಗೆ ಕಟ್ಟಿದ ಸೊನ್ನದ ಬ್ಯಾರೇಜು ಕಣ್ಣಿಗೆ ಕಾಣುತ್ತದೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಆಳಂದದ ಏರಿಳಿತದ ಹೊಲಗಳಲ್ಲಿ ಕೊಚ್ಚಿಹೋಗದೆ ನಿಂತ ಮಣ್ಣಿಗೆ ಯಾರು ಉದ್ಘಾಟನೆ ಮಾಡುತ್ತಾರೆ? ಬಾರದೆ ಹೋದ ನಷ್ಟಕ್ಕೆ ಯಾರು ಜೈಕಾರ ಹಾಕುತ್ತಾರೆ? ನಾವು ಕೇಳದ್ದನ್ನು ಆಳುವವರು ಮಾಡುತ್ತಿಲ್ಲ. ನಾಳೆಯ ಮಕ್ಕಳ ಮಣ್ಣನ್ನು ಇಂದಿನ ಮತದಲ್ಲಿ ಸೇರಿಸಿಕೊಳ್ಳದಿರುವ ತಪ್ಪಿನಲ್ಲಿ ಓದುವ, ಬರೆಯುವ ನಮಗೂ ಪಾಲಿದೆ.

ನಷ್ಟವನ್ನು ಹಂಚಿಕೊಳ್ಳುವುದು ಈ ಸೀಮೆಗೆ ಹೊರಗಿನಿಂದ ಕಲಿಸಬೇಕಾದ ವಿದ್ಯೆಯಲ್ಲ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವರು ಒಕ್ಕಲುತನ ಮಾಡಿದವರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ತೆನೆ ತಿಂದ ಅವಕ್ಕೆ ಕುಡಿಯಲು ನೀರನ್ನೂ ಇಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ಅವರ ಹೆಸರಿನಲ್ಲಿ ನಡೆದುಬಂದ ದಾಸೋಹದಲ್ಲಿ ಉಣ್ಣಲು ಬಂದವನಿಗೆ ನಿನ್ನ ಪಂಚಾಯಿತಿಯ ಸರಾಸರಿ ಎಷ್ಟು ಎಂದು ಕೇಳುವ ಪದ್ಧತಿ ಇಲ್ಲ. ಎಳ್ಳಮವಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲಿ, ದಾರಿಹೋಕನನ್ನೂ ಕರೆದು ಸಜ್ಜಿರೊಟ್ಟಿ, ಭಜ್ಜಿ ಉಣಿಸುವ ಜನ ಇವರು. ಭಕ್ತಿ ಆಡಳಿತದ ಕೆಲಸ ಮಾಡಲಾರದು, ಮಾಡಬೇಕೆಂದು ಬಯಸುವುದೂ ತಪ್ಪು. ಆದರೆ ಕಷ್ಟ ಬಂದ ದಿನವೇ ಅನ್ನ ಸಿಗಬೇಕು, ತಾನು ಅರ್ಹನೆಂದು ಸಾಬೀತು ಮಾಡುವ ಭಾರ ಹಸಿದವನ ಮೇಲೆ ಇರಬಾರದು ಎಂಬ ತಿಳಿವು ದಾಸೋಹದಲ್ಲಿದೆ. ಅಷ್ಟನ್ನು ವಿಮೆಯ ನಿಯಮ ಬರೆಯುವವರು ಇಲ್ಲಿಂದ ಕಲಿಯಬಹುದು.

ಹೊತ್ತಿನ ಬಗ್ಗೆ ಒಂದು ಮಾತು ಉಳಿದಿದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು, ಕಟಾವಿನ ನಂತರ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಬಂತು. ಕೈ ಬರಿದಾಗಿದ್ದಾಗ ಅದೇ ಮನುಷ್ಯರ ಯೋಚನಾಶಕ್ತಿ ಕುಗ್ಗಿರುತ್ತದೆ, ಹಣ ಬಂದಾಗ ಮರಳುತ್ತದೆ. ಕೀನ್ಯಾದಲ್ಲಿ ಸುಗ್ಗಿ ಮುಗಿದ ಕೂಡಲೇ ರೈತರ ಮನೆ ಬಾಗಿಲಿಗೆ ಹೋಗಿ ಗೊಬ್ಬರದ ಚೀಟಿ ಮಾರಿದಾಗ, ಆಮೇಲೆ ಅರ್ಧ ಬೆಲೆಗೆ ಕೊಟ್ಟರೆ ಎಷ್ಟು ಜನ ಕೊಳ್ಳುತ್ತಿದ್ದರೋ ಹೆಚ್ಚು ಕಡಿಮೆ ಅಷ್ಟೇ ಜನ ಪೂರ್ತಿ ಬೆಲೆಗೆ ಕೊಂಡರು. ನಮ್ಮಲ್ಲಿ ತೊಗರಿ ರಾಶಿಯ ಹಣ ಮನೆಗೆ ಬರುವುದು ಜನವರಿ, ಫೆಬ್ರುವರಿಯಲ್ಲಿ. ಖಜಾನೆಯ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹೊಸ ಅನುದಾನ ಬಂದು, ಗುರಿ ನಿಗದಿಯಾಗಿ, ಅರ್ಜಿ ಕರೆಯುವ ಹೊತ್ತಿಗೆ ಬಿತ್ತನೆ ಎದುರಿಗಿರುತ್ತದೆ, ಕೈ ಖಾಲಿ, ತಲೆ ತುಂಬ ಉದ್ರಿಯ ಚಿಂತೆ. 2014-15ರಲ್ಲಿ ಶುರುವಾದ ಕೃಷಿಭಾಗ್ಯದಲ್ಲಿ ಹೊಂಡಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90ರಷ್ಟು ಸಹಾಯಧನವಿತ್ತು. ಉಳಿದ ಹತ್ತು-ಇಪ್ಪತ್ತು ಪಾಲನ್ನು ಫೆಬ್ರುವರಿಯಲ್ಲಿ ಕೊಡಬಲ್ಲವನಿಗೆ ಜೂನ್‌ನಲ್ಲಿ ಅದು ಬೆಟ್ಟ. ಹೊಂಡದ, ಬದುವಿನ, ಹನಿ ನೀರಾವರಿಯ ಅರ್ಜಿಗಳನ್ನು ರಾಶಿಯ ಕಣದಲ್ಲೇ ಬರೆಸಿಕೊಂಡು, ನೆಲ ಒಣಗಿರುವ ಬೇಸಿಗೆಯಲ್ಲಿ ಕೆಲಸ ಮುಗಿಸಿಕೊಡಬೇಕು. ಕಟಾವು ಪ್ರಯೋಗದ ತೂಕವನ್ನು ಅಂದೇ ಪಂಚಾಯಿತಿಯ ಗೋಡೆಗೆ ಹಾಕಬೇಕು. ತೊಗರಿ ಆಮದಿನ ನಿರ್ಧಾರ ಮಿರಗಕ್ಕಿಂತ ಮೊದಲೇ ಪ್ರಕಟವಾಗಿ, ರಾಶಿ ಮಾರಾಟ ಮುಗಿಯುವವರೆಗೆ ಬದಲಾಗಬಾರದು. ಇದರಲ್ಲಿ ಯಾವುದಕ್ಕೂ ಹೊಸ ಅಣೆಕಟ್ಟು ಬೇಡ, ಆಯವ್ಯಯದಲ್ಲಿ ದೊಡ್ಡ ಮೊತ್ತವೂ ಬೇಡ. ಅರ್ಜಿ ಕರೆಯುವ ತಿಂಗಳು ಬದಲಾಗಬೇಕು, ಬರುವ ರಾಶಿಯಿಂದಲೇ ಅದನ್ನು ಶುರು ಮಾಡಬಹುದು.